ಗಿರಿಯಪ್ಪನ ಏಳು ಸುತ್ತಿನ ತಾಮ್ರ

ಕಡೂರು ಸ್ಟೇಷನ್ನಿನ ಪಾಯಿಂಟ್ಸ್‌ಮನ್ ಗಿರಿಯಪ್ಪ ನಾಯಿಗೆ ಹೆದರುತ್ತಿದ್ದ, ಸ್ಟೇಷನ್ ಮಾಸ್ಟರಿಗೆ ಹೆದರುತ್ತಿದ್ದ, ಹೆಂಡತಿಗೆ ಹೆದರುತ್ತಿದ್ದ. ಈ ಮೂರನ್ನು ಲೋಕರೂಢಿ ಎಂದು ಬಿಟ್ಟುಬಿಡಬಹುದು. ಅವನು ಬಿಸಿ ಕಾಫಿಗೂ ಹೆದರುತ್ತಿದ್ದ. ಲೋಟವನ್ನು ನೆಲದ ಮೇಲಿಟ್ಟು, ಅದು ಆರುವವರೆಗೆ ಒಂದು ಮಾರು ದೂರ ಕೂರುತ್ತಿದ್ದ. ಆದರೆ ಉಗಿ ಎಂಜಿನ್ನು ಎರಡೇ ಗಜ ದೂರದಲ್ಲಿ ನೆಲ ನಡುಗಿಸುತ್ತ ಹಾದುಹೋಗುವಾಗ ಹಸಿರು ಬಾವುಟ ಹಿಡಿದು ಕಲ್ಲುಕಂಬದ ಹಾಗೆ ನಿಂತಿರುತ್ತಿದ್ದ. ಅದು ಹೇಗೆ ಎಂದು ಒಮ್ಮೆ ಕೇಳಿದೆ. "ಅದು ಹಳಿ ಬಿಟ್ಟು ಬರಾಕಿಲ್ಲವಲ್ಲ ಸಾವ್ಕಾರ್ರೇ," ಎಂದ. "ನಾಯಿಗೆ ಹಳಿ ಎಲ್ಲೈತೆ?"

ನನ್ನದು ಸ್ಟೇಷನ್ ರಸ್ತೆಯಲ್ಲಿ ಕೊಬ್ಬರಿ, ಹುಣಸೆಹಣ್ಣಿನ ವ್ಯಾಪಾರ. ಮುಂದೆ ಅಂಗಡಿ, ನಡುವೆ ಗೋಡೌನು, ಹಿಂದೆ ಮನೆ. ಡ್ಯೂಟಿ ಮುಗಿದ ಮೇಲೆ ಗಿರಿಯಪ್ಪ ನನ್ನ ಅಂಗಡಿ ಕಟ್ಟೆಗೆ ಬಂದು ಕೂರುತ್ತಿದ್ದುದು ನನ್ನ ಮೇಲಿನ ಪ್ರೀತಿಯಿಂದಲ್ಲ. ಅಲ್ಲಿಂದ ಯಾರ್ಡು ಪೂರಾ ಕಾಣುತ್ತಿತ್ತು. ಅವನು ಹುಟ್ಟಿದ್ದು ಅಜ್ಜಂಪುರದಲ್ಲಿ. ಅಪ್ಪ ಅಲ್ಲಿಯ ಗ್ಯಾಂಗಿನಲ್ಲಿ ಹಳಿ ಬಿಗಿಯುವ ಕೂಲಿ. ಹಳಿಗುಂಟ ಅಪ್ಪನ ಬುತ್ತಿ ಹೊತ್ತು ಬೆಳೆದವನು ಅದೇ ಸ್ಟೇಷನ್ನಿನಲ್ಲಿ ಪೋರ್ಟರ್ ಆದ. ಎಪ್ಪತ್ತಮೂರರಲ್ಲಿ ಪಾಯಿಂಟ್ಸ್‌ಮನ್ ಆಗಿ ಕಡೂರಿಗೆ ಬಂದ. ಯಾವ ರೈಲು ಯಾವ ಹಳಿಗೆ ಹೋಗಬೇಕೋ ಆ ಕಡೆಗೆ ಸನ್ನೆಕೋಲು ಎಳೆದು ದಾರಿ ತಿರುಗಿಸುವುದು ಕೆಲಸ. ಎಳೆದ ಮೇಲೆ ಮೂರು ಸಲ ಹಿಂತಿರುಗಿ ನೋಡುತ್ತಿದ್ದ. ಬೇರೆಯವರು ಒಂದು ಸಲ ನೋಡುತ್ತಿದ್ದರು.

ಅವನಿಗೆ ಒಂದೇ ಚಟ. ಸಣ್ಣ ರೈಲು ಮಾಡುವುದು. ಸೀಮೆಎಣ್ಣೆ ಡಬ್ಬದ ತಗಡಿನಲ್ಲಿ ಗೂಡ್ಸ್ ಡಬ್ಬಿಗಳನ್ನು ಮಾಡಿ ಕ್ವಾರ್ಟರ್ಸಿನ ಅಟ್ಟದ ಮೇಲೆ ಸಾಲಾಗಿ ನಿಲ್ಲಿಸಿದ್ದ. ಎಂಬತ್ತೊಂದರಲ್ಲಿ ಆಸೆ ದೊಡ್ಡದಾಯಿತು: ಹಿತ್ತಾಳೆಯಲ್ಲಿ ನಿಜವಾದ ಎಂಜಿನ್ನಿನ ಪಡಿಯಚ್ಚು ಮಾಡಬೇಕು. ನೀರು ತುಂಬಿಸಿಕೊಳ್ಳಲು ನಿಂತ ಎಂಜಿನ್ನನ್ನು ಗಂಟು ಹಾಕಿದ ದಾರದಲ್ಲಿ ಅಳೆದು, ಗಜಕ್ಕೊಂದು ಬೆರಳಿನ ಪ್ರಮಾಣ ಹಾಕಿಕೊಂಡ. ನಮ್ಮ ಮನೆಯ ಒಡೆದ ಗಿಂಡಿ, ಹಳೆಯ ಹಾಲಿನ ಪಾವು, ಪೂಜೆಗೆ ಬಾರದ ಗಂಟೆ ಎಲ್ಲ ಅವನ ಚೀಲ ಸೇರಿದವು. ಒಂದು ಮೊಳದ ಎಂಜಿನ್ನಾದರೆ ದೀಪಾವಳಿಗೆ ನನ್ನ ಅಂಗಡಿ ಮುಂದೆ ಇಡಿಸಬಹುದು, ಜನ ಕೂಡುತ್ತದೆ, ಕೂಡಿದ ಜನ ಹುಣಸೆಹಣ್ಣು ಕೊಳ್ಳದೆ ಇರುತ್ತದೆಯೇ ಎಂಬುದು ನನ್ನ ದಾನಗುಣದ ಮೂಲ.

ತೊಡಕು ಬಂದದ್ದು ಬೆಸುಗೆಯಲ್ಲಿ. ಕೆಂಡದಲ್ಲಿ ಕಾಯಿಸಿದ ಕಬ್ಬಿಣ ಇಟ್ಟು ಹೊಗೆಕೊಳವೆ ಹಚ್ಚಿದ, ನಿಂತಿತು. ಪಕ್ಕದಲ್ಲಿ ಎಂಜಿನ್ನಿನ ಬೆನ್ನ ಮೇಲಿನ ಉಗಿ ಗುಮ್ಮಟ ಹಚ್ಚಿದ. ಹಿತ್ತಾಳೆಗೆ ಬಿಸಿ ಹರಿದು ಹೊಗೆಕೊಳವೆ ಕಳಚಿ ಬಿತ್ತು. ಹೊಗೆಕೊಳವೆ ಮತ್ತೆ ಕೂರಿಸಿದರೆ ಗುಮ್ಮಟ ಜಾರಿತು. ನಮ್ಮ ಕೂಡುಕುಟುಂಬದಂತೆ, ಒಬ್ಬರನ್ನು ಸಮಾಧಾನ ಮಾಡಿದರೆ ಇನ್ನೊಬ್ಬರು ಗಂಟು ಕಟ್ಟುತ್ತಿದ್ದರು. ಎಂಟು ತಿಂಗಳು ಹೀಗೇ.

ನನ್ನ ತೋಟದ ಮೋಟಾರು ಸುಟ್ಟಿತ್ತು. ಅದನ್ನು ತರೀಕೆರೆಯಲ್ಲಿ ವೈಂಡಿಂಗ್ ಮಾಡುವ ಗಂಗಾಧರಯ್ಯನ ಹತ್ತಿರ ಒಯ್ಯುವಾಗ, ಹೊರಲು ಒಂದು ಕೈ ಬೇಕಾಗಿ, ಗಿರಿಯಪ್ಪನನ್ನೂ ಬಸ್ಸು ಹತ್ತಿಸಿದೆ. ಗಂಗಾಧರಯ್ಯ ಅವನ ಗೋಳು ಕೇಳಿ ನಕ್ಕ.

"ಕಬ್ಬಿಣ ಕಾಯಿಸಿ ಇಡೋದು ಬಿಡು ಮಾರಾಯ. ಬೆಸುಗೆ ಬೀಳೋ ಜಾಗವೇ ತಾನಾಗಿ ಕಾಯಂಗೆ ಮಾಡು. ಹಳೇ ಟ್ರಾನ್ಸ್‌ಫಾರ್ಮರ್ ಒಂದೈತೆ, ಕೊಡ್ತೀನಿ. ಹೊರಗಿನ ಸಣ್ಣ ತಂತಿ ಬಿಚ್ಚಿ ಎಸೆದು, ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ಲು ಏಳು ಸುತ್ತು ಸುತ್ತು. ಒಂದು ತುದಿ ಎಂಜಿನ್ನಿಗೆ ಕಚ್ಚಿಸು. ಇನ್ನೊಂದು ತುದಿಗೆ ಟಾರ್ಚ್ ಸೆಲ್ಲಿನೊಳಗಿನ ಮಸಿಕಡ್ಡಿ ಇರ್ತದಲ್ಲ, ಅದನ್ನ ಪೆನ್ಸಿಲ್ ತರ ಚೂಪು ಮಾಡಿ ಕಟ್ಟು. ಮುಟ್ಟಿಸಿ, ಕಾಲಲ್ಲಿ ಸ್ವಿಚ್ಚು ಒತ್ತು. ಒಂದು, ಎರಡು ಅನ್ನೋದ್ರೊಳಗೆ ತವರ ಕರಗ್ತದೆ. ಪಕ್ಕದ ಬೆಸುಗೆಗೆ ಸುದ್ದೀನೇ ಗೊತ್ತಾಗಲ್ಲ."

ಗಿರಿಯಪ್ಪನ ಮುಖ ಬಿಳಿಚಿತು. "ಕರೆಂಟಾ?"

"ಇದು ಕೊಲ್ಲೋ ಕರೆಂಟಲ್ಲ ಕಣಯ್ಯ. ಮನೆ ಕರೆಂಟು ಅಂದ್ರೆ ಲಕ್ಕವಳ್ಳಿ ಡ್ಯಾಮಿನ ಮೇಲಿಂದ ಬೀಳೋ ಧಾರೆ, ಸಣ್ಣದಾದ್ರೂ ಕೆಡವ್ತದೆ. ಈ ಏಳು ಸುತ್ತಿಂದ ಬರೋದು ಗದ್ದೆ ಕಾಲುವೆ ನೀರು. ತುಂಬಾ ಹರೀತದೆ, ಪಾದ ಮುಳುಗಲ್ಲ. ಬರಿಗೈಲಿ ಮುಟ್ಟಬಹುದು. ಆದ್ರೆ ಒಳಗಿನ ಸುತ್ತಿಗೆ ಮಾತ್ರ ಮನೆ ಕರೆಂಟೇ ಹೋಗ್ತದೆ, ಅದಕ್ಕೆ ಕಬ್ಬಿಣದ ಮೈಗೆ ಅರ್ತ್ ಕೊಡೋದು ಮರೀಬ್ಯಾಡ."

ಬಸ್ಸಿನಲ್ಲಿ ಗಿರಿಯಪ್ಪ ಟ್ರಾನ್ಸ್‌ಫಾರ್ಮರನ್ನು ತೊಡೆಯ ಮೇಲಿಟ್ಟುಕೊಳ್ಳಲಿಲ್ಲ, ಕಾಲ ಬುಡದಲ್ಲೂ ಇಟ್ಟುಕೊಳ್ಳಲಿಲ್ಲ. ಅದು ನನ್ನ ತೊಡೆಯ ಮೇಲೆ ಬಂತು. ಅವನ ಈ ಹೆದರಿಕೆಗೆ ಕಾರಣವಿತ್ತು. ಅವನ ಹೆಂಡತಿ ದುರ್ಗಮ್ಮ ಪಂಚನಹಳ್ಳಿಯವಳು. ಅವಳ ಅಣ್ಣ ಕರಿಯಣ್ಣ ಎಪ್ಪತ್ತೆಂಟರಲ್ಲಿ ಬೋರಿನ ಪಂಪ್‌ಹೌಸಿನ ಬಾಗಿಲ ಚಿಲಕ ಮುಟ್ಟಿ ಸತ್ತ. ತಂತಿ ಮುಟ್ಟಿದ್ದಲ್ಲ, ಸ್ವಿಚ್ಚು ಮುಟ್ಟಿದ್ದಲ್ಲ, ಚಿಲಕ. ಹನ್ನೊಂದನೆಯ ದಿನ ದುರ್ಗಮ್ಮ ಉರಿಯುವ ದೀಪದ ಮುಂದೆ ಗಂಡನ ಕೈ ಹಿಡಿಸಿ, ಕರೆಂಟಿನ ಕೆಲಸಕ್ಕೆ ಕೈ ಹಚ್ಚುವುದಿಲ್ಲ ಎಂದು ಆಣೆ ಮಾಡಿಸಿದಳು. ಕ್ವಾರ್ಟರ್ಸಿಗೆ ರೈಲ್ವೆಯವರೇ ಕೊಟ್ಟಿದ್ದ ದೀಪವನ್ನೂ ಬಿಚ್ಚಿಸಿದಳು. ಸಾಲು ಮನೆಗಳಲ್ಲಿ ಬಲ್ಬು ಉರಿದರೆ ಇವರದೊಂದರಲ್ಲಿ ಲಾಟೀನು.

"ನನ್ನ ಗೋಡೌನಲ್ಲಿ ಮಾಡ್ಕೋ," ಎಂದೆ. "ಕೊಬ್ಬರಿ ಚೀಲದ ಹಿಂದೆ ಜಾಗ ಐತೆ. ನಿನ್ನ ಹೆಂಡ್ತಿಗೆ ಯಾರು ಹೇಳ್ತಾರೆ?"

"ಆಣೆ?"

"ಆಣೆ ಮಾಡಿದ್ದು ಮನೇಲಿ. ಇದು ಗೋಡೌನು."

ನಲವತ್ತು ವರ್ಷ ವ್ಯಾಪಾರ ಮಾಡಿದವನ ಬಾಯಿಂದ ಇಂಥ ಮಾತು ತಾನಾಗಿ ಬರುತ್ತದೆ. ಅವನು ನಂಬಲಿಲ್ಲ; ಆದರೆ ನಂಬಿದವನ ಹಾಗೆ ತಲೆಯಾಡಿಸಿದ. ಆಸೆ ಅಷ್ಟಿತ್ತು.

ಡ್ಯೂಟಿ ಬಿಡುವಿನ ಮಧ್ಯಾಹ್ನಗಳಲ್ಲಿ ಒಂದು ತಿಂಗಳು ಕೆಲಸ ನಡೆಯಿತು. ನಾನು ಕೊಡಿಸಿದ ತಾಮ್ರದ ಕೇಬಲ್ಲನ್ನು ಏಳು ಸುತ್ತು ಸುತ್ತಿದ. ಮಸಿಕಡ್ಡಿಗೆ ಬಿದಿರಿನ ಹಿಡಿ ಮಾಡಿದ. ಎರಡು ಕೈಯೂ ಕೆಲಸದ ಮೇಲಿರುವುದರಿಂದ ಸ್ವಿಚ್ಚು ಕಾಲಿಗೆ ಬೇಕು. ಒಂದು ಮಣೆಗೆ ಕೀಲು ಹಾಕಿ, ಅಡಿಯಲ್ಲಿ ಬೆಲ್ಲಿನ ಗುಂಡಿ ಕೂರಿಸಿ, ಸ್ಪ್ರಿಂಗಿನ ಬದಲು ತೆಂಗಿನ ಸಿಪ್ಪೆಯ ತುಂಡು ಇಟ್ಟ. ಒತ್ತಿದರೆ ತಗ್ಗುತ್ತಿತ್ತು, ಬಿಟ್ಟರೆ ಏಳುತ್ತಿತ್ತು. ಕಡೆಗೆ ಅರ್ತಿನ ಮಾತು ಬಂತು. ನೆಲ ಅಗೆದು, ಉಪ್ಪು ಇದ್ದಿಲು ತುಂಬಿ, ಪೈಪು ಹೂಳಬೇಕೆಂದ. ಗೋಡೌನಿಗೆ ಹಿಂದಿನ ವರ್ಷವಷ್ಟೇ ಸಿಮೆಂಟು ಮಾಡಿಸಿದ್ದೆ.

"ಒಂದು ತಂತಿಗೋಸ್ಕರ ನನ್ನ ನೆಲ ಒಡೀತೀಯೇನ್ಲಾ? ಕಬ್ಬಿಣಕ್ಕೆ ತಾನೇ ಕಟ್ಟಬೇಕಾದ್ದು? ಅಲ್ಲಿ ಮೇಲೆ ತೊಲೆ ಐತಲ್ಲ, ಕಬ್ಬಿಣದ್ದೇ. ಅದಕ್ಕೆ ಸುತ್ತು."

"ಅದು ಗೋಡೇಲಿ ಕೂತೈತೆ ಸಾವ್ಕಾರ್ರೇ. ನೆಲಕ್ಕೆ ಹೋಗಬೇಕಂತೆ."

"ಗೋಡೆ ಎಲ್ಲಿ ಕೂತೈತೆ? ಗಾಳೀಲಾ?"

ಸುತ್ತಿದ. ಆ ತೊಲೆಗೇ ನನ್ನ ದೊಡ್ಡ ತಕ್ಕಡಿ ಸರಪಳಿಯಲ್ಲಿ ನೇತಾಡುತ್ತಿತ್ತು. ಅದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಯಂತ್ರ ಮೊದಲ ದಿನವೇ ಕೆಲಸ ಮಾಡಿತು. ಮಸಿಕಡ್ಡಿಯ ತುದಿ ದಾಳಿಂಬೆ ಕಾಳಿನಂತೆ ಕೆಂಪಾಯಿತು, ತವರ ಬೆಳ್ಳಿಯ ಹಾಗೆ ಓಡಿ ಸಂದಿ ಸೇರಿತು, ಪಕ್ಕದ ಗುಮ್ಮಟ ಅಲುಗಲಿಲ್ಲ. ಗಿರಿಯಪ್ಪ ಮೂರು ಸಲ ಮುಟ್ಟಿ ನೋಡಿದ. ಮುಖದಲ್ಲಿ ಸಂತೋಷ ಕಾಣಲಿಲ್ಲ. "ಆ ಕಬ್ಬಿಣಕ್ಕೆ ಮೊಣಕೈ ತಗುಲಿದ್ರೆ ಜುಮ್ ಅಂತೈತೆ," ಎಂದ.

"ನಿನಗೆ ಕಾಫಿ ಲೋಟ ಮುಟ್ಟಿದ್ರೂ ಜುಮ್ ಅಂತೈತೆ."

"ಇಲ್ಲ ಸಾವ್ಕಾರ್ರೇ, ಇದು ಬ್ಯಾರೆ ಜುಮ್ಮು."

ನಕ್ಕುಬಿಟ್ಟೆ. ಯಾವಾಗಲೂ ಹೆದರುವವನ ಒಂದು ಕಷ್ಟವೆಂದರೆ ನಿಜವಾದ ದಿನವೂ ಯಾರೂ ನಂಬುವುದಿಲ್ಲ. ಅವನು ಅಂದಿನಿಂದ ಮರದ ಸ್ಟೂಲಿನ ಮೇಲೆ ಕೂತು, ಮೊಣಕೈ ಮೈಗೆ ಅಂಟಿಸಿಕೊಂಡು ಕೆಲಸ ಮಾಡತೊಡಗಿದ.

ಎಂಬತ್ತೆರಡರ ಫೆಬ್ರವರಿ. ಹುಣಸೆಹಣ್ಣಿನ ಕಾಲ. ಅಂದು ಬೆಳಿಗ್ಗೆ ಹುಣಸೆ ಮೂಟೆಗಳ ಗೋಣಿಗೆ ನೀರು ಚಿಮುಕಿಸಿದ್ದೆ. ಗೋಣಿ ಒಣಗಿ ಹರಿಯದಿರಲಿ ಎಂದು ಗಿರಾಕಿಗಳಿಗೆ ಹೇಳುವುದು, ತೂಕ ಎಂದು ನಮ್ಮೊಳಗೆ ಹೇಳಿಕೊಳ್ಳುವುದು. ನೆಲವೆಲ್ಲ ತೇವ. ಮೂರು ಗಂಟೆಯ ಹೊತ್ತಿಗೆ ಕೊಬ್ಬರಿ ಚೀಲಗಳ ಹಿಂದೆ ಗಿರಿಯಪ್ಪ ಹೊಗೆಕೊಳವೆ ಕೂರಿಸುತ್ತಿದ್ದ. ಆಗ ಬಾಗಿಲಲ್ಲಿ ದುರ್ಗಮ್ಮ ಬಂದು ನಿಂತಳು, ತಲೆಯ ಮೇಲೆ ಕುಕ್ಕೆ. ಹಳಿ ಬದಿಯ ಮರಗಳ ಹಣ್ಣು ಬಡಿಸಿ, ಬೀಜ ತೆಗೆದು ತಂದಿದ್ದಳು. ಅವಳು ಬರುವುದು ಸಂತೆಯ ದಿನ, ಅಂದು ಸಂತೆಯಲ್ಲ.

ಗಿರಿಯಪ್ಪನಿಗೆ ಕೇಳಲಿ ಎಂದು ಊರಿಗೇ ಕೇಳುವಂತೆ ಕೂಗಿದೆ: "ಏನಮ್ಮಾ ದುರ್ಗಮ್ಮಾ! ದುರ್ಗಮ್ಮಾ, ಇವತ್ತೇ ಬಂದ್ಬಿಟ್ಟೆ!"

"ಯಾಕ್ರೀ ಹಂಗೆ ಕಿರುಚ್ತೀರಿ? ನನಗೇನು ಕಿವುಡಾ? ನಾಳೆ ಅಜ್ಜಂಪುರಕ್ಕೆ ಹೋಗಬೇಕು, ಅದಕ್ಕೇ ತಂದೆ. ತೂಗಿ. ಸರಿಯಾಗಿ ತೂಗಿ, ನಿಮ್ಮ ತಕ್ಕಡಿ ನನಗೆ ಗೊತ್ತಿಲ್ವಾ?"

ಕುಕ್ಕೆ ಇಳಿಸಿ ತಕ್ಕಡಿಯ ತಟ್ಟೆಗೆ ಇಟ್ಟಳು. ತಟ್ಟೆ ತೂಗಾಡಿತು. ನಿಲ್ಲಿಸಲೆಂದು ಸರಪಳಿ ಹಿಡಿದಳು.

ಅವಳ ಬಾಯಿಂದ ಬಂದದ್ದು ಕೂಗಲ್ಲ. ಗಂಟಲೊಳಗೆ ಏನೋ ಮುರಿದಂಥ ಸದ್ದು, ಅಷ್ಟೇ. ಕೈ ಸರಪಳಿಯನ್ನು ಬಿಡಲಿಲ್ಲ, ಬಿಗಿಯಿತು. ಬಳೆಗಳು ಸರಪಳಿಗೆ ಬಡಿದು ಗಲಗಲ ಎನ್ನುತ್ತಿದ್ದವು. ಕಣ್ಣು ನನ್ನ ಕಡೆಗೇ ಇತ್ತು, ಆದರೆ ನೋಡುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟೆ, ಆಮೇಲೆ ನಿಂತೆ. ಮುಟ್ಟಿದರೆ ನಾನೂ ಹೋದೆ ಎಂಬುದು ಗೊತ್ತಿತ್ತು. ಮುಟ್ಟದಿದ್ದರೆ ಅವಳು ಹೋದಳು ಎಂಬುದೂ ಗೊತ್ತಿತ್ತು. ಎಷ್ಟು ಹೊತ್ತು ನಿಂತೆನೋ ಹೇಳಲಾರೆ. ಎರಡು ಉಸಿರು ಇರಬಹುದು. ನನ್ನ ಬದುಕಿನಲ್ಲಿ ಅವಕ್ಕಿಂತ ಉದ್ದದ ಉಸಿರು ನಾನು ಎಳೆದಿಲ್ಲ. ಥಟ್ಟನೆ ತೊಲೆಯಿಂದ ಕೊಬ್ಬರಿ ಚೀಲಗಳ ಹಿಂದೆ ಇಳಿದ ತಂತಿ ಕಣ್ಣಿಗೆ ಬಿತ್ತು.

"ಗಿರಿಯಾ! ಕಾಲು ತೆಗಿಯೋ! ಕಾಲು ತೆಗಿ!"

ಕೈ ಬಿಚ್ಚಿತು. ದುರ್ಗಮ್ಮ ಕುಕ್ಕೆಯ ಸಮೇತ ನೆಲಕ್ಕೆ ಬಿದ್ದಳು.

ಆದದ್ದು ಆಮೇಲೆ ತಿಳಿಯಿತು. ಎರಡೆಣಿಸುವಷ್ಟು ಮಾತ್ರ ಒತ್ತಬೇಕಾದ ಮಣೆ. ಹೆಂಡತಿಯ ದನಿ ಕಿವಿಗೆ ಬಿದ್ದದ್ದೇ ಗಿರಿಯಪ್ಪ ಹೆದರಿ ಮರಗಟ್ಟಿದ. ಮಣೆ ಒತ್ತಿದ ಕಾಲು ಒತ್ತಿದಂತೆಯೇ ಉಳಿಯಿತು. ನಾನು ಎಚ್ಚರಿಸಲೆಂದು ಕೂಗಿದ ಕೂಗೇ ಅವನ ಕಾಲನ್ನು ಅಲ್ಲಿ ಜಡಿದಿತ್ತು.

ಅವನು ಚೀಲಗಳ ಸಂದಿಯಿಂದ ಹೊರಗೆ ಬಂದ, ಕೈಯಲ್ಲಿ ಇನ್ನೂ ಮಸಿಕಡ್ಡಿ. ಬಿದ್ದವಳನ್ನು ನೋಡಿ ಬಾಗಿಲಿಗೂ ಬರದೆ ಒಳಗೂ ಹೋಗದೆ ನಿಂತಲ್ಲೇ ಕೂತುಬಿಟ್ಟ. ಗಲಾಟೆಗೆ ನನ್ನ ತಾಯಿ ತೀರ್ಥಮ್ಮ ಮನೆಯಿಂದ ಓಡಿಬಂದಳು. ಗಿರಿಯಪ್ಪನ ಜಾತಿಯವರಿಗೆ ಬೇರೆ ಲೋಟ ಇಟ್ಟಿದ್ದವಳು, ಕೈಗೆ ಸಿಕ್ಕಿದ ತನ್ನ ಲೋಟದಲ್ಲೇ ನೀರು ತಂದು, ದುರ್ಗಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ಹಿಡಿದಳು. ಆ ಲೋಟದ ಮಾತನ್ನು ಆಮೇಲೆ ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನೀರು ಕೆನ್ನೆಗೆ ಹರಿಯಿತು. ಒಳಗೆ ಹೋಗಲಿಲ್ಲ. ನನ್ನ ತಾಯಿ ಎದೆ ಉಜ್ಜಿದಳು, ಕೆನ್ನೆ ತಟ್ಟಿದಳು, "ಲೇ ದುರ್ಗಿ, ಎದ್ದೇಳೇ, ನಿನಗೇನು ಬಂತೇ," ಎಂದು ಬೈದಳು. ಕಡೆಗೆ ಕೆಮ್ಮು ಬಂತು. ಕಣ್ಣು ಬಿಟ್ಟು, ತೊಲೆಯನ್ನು ನೋಡುತ್ತ, ಮೆಲ್ಲಗೆ ಕೇಳಿದಳು: "ಹಿಂಗಾ ಇರೋದು ಅದು?"

ಆಮೇಲೆ ಅವಳಿಗೆ ಗಂಡ ಕಂಡ.

"ನೀನು ಡ್ಯೂಟಿ ಮೇಲಿದ್ದೆಯಲ್ಲಾ?"

ಗಿರಿಯಪ್ಪ ಕೈಯಲ್ಲಿದ್ದ ಮಸಿಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟ.

ಅಂಗೈಯಲ್ಲಿ ಸರಪಳಿಯ ಕೊಂಡಿಗಳ ಅಚ್ಚು ಕಪ್ಪಾಗಿ ಎದ್ದಿತ್ತು. ಡಾಕ್ಟರು ಬಂದು ನೋಡಿ, ಗುಂಡಿಗೆ ಗಟ್ಟಿ ಎಂದು ಹೇಳಿ ಹೋದರು. ಅವಳು ಎದ್ದು ಮನೆಗೆ ನಡೆದಳು. ಗಂಡನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ಗಿರಿಯಪ್ಪ ಆ ನಾಲ್ಕು ದಿನವೂ ಎಂಜಿನ್ನಿನ ಸುದ್ದಿ ಎತ್ತಲಿಲ್ಲ. ಹಳಿ ತಿರುಗಿಸಿ ಐದು ಸಲ ಹಿಂತಿರುಗಿ ನೋಡುತ್ತಿದ್ದನಂತೆ. "ತಾಮ್ರ ಬಿಚ್ಚಿ ಕೊಡ್ತೀನಿ, ತಗಳ್ಳಿ," ಎಂದ ನನಗೆ. ನನಗೂ ಗೋಡೌನಿನ ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ. ಹುಣಸೆಹಣ್ಣನ್ನು ಹೊರಗೆ ಸಣ್ಣ ತಕ್ಕಡಿಯಲ್ಲಿ ತೂಗುತ್ತಿದ್ದೆ.

ಐದನೆಯ ದಿನ ದುರ್ಗಮ್ಮ ಅಂಗಡಿಗೆ ಬಂದಳು. ಕಟ್ಟೆಯ ಮೇಲೆ ಕೂರಲಿಲ್ಲ.

"ಅದ್ಯಾಕೆ ಹಂಗಾಯ್ತು, ಗೊತ್ತಿರೋರನ್ನ ಕರೆಸಿ. ನನ್ನೆದುರಿಗೆ ಹೇಳಲಿ."

ತರೀಕೆರೆಯಿಂದ ಗಂಗಾಧರಯ್ಯ ಬಂದ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ನೋಡಿ, ಒಳಸುತ್ತಿನ ಒಂದು ಕಡೆ ಅರಗು ಉದುರಿ ತಂತಿ ಕಬ್ಬಿಣಕ್ಕೆ ತಾಗಿದ್ದನ್ನು ತೋರಿಸಿದ. "ಸೋರೋದು ಸಹಜ. ಅದಕ್ಕೇ ಅರ್ತ್ ಕೊಡಿ ಅಂದಿದ್ದು. ನೆಲಕ್ಕೆ ಹೋಗಿ ಫ್ಯೂಸ್ ಹಾರಿ ಹೋಗ್ತಿತ್ತು. ಕೊಟ್ಟಿರಲಿಲ್ವಾ?"

"ಕೊಟ್ಟಿದ್ವಿ," ಎಂದೆ.

"ಎಲ್ಲಿಗೆ?"

ನಾನು ಮೇಲೆ ಬೆರಳು ತೋರಿಸಿದೆ. ಗಂಗಾಧರಯ್ಯ ಒಣಗೋಡೆಯಲ್ಲಿ ಕೂತ ತೊಲೆಯನ್ನು ನೋಡಿದ, ಅದರಿಂದ ಇಳಿದ ತಕ್ಕಡಿಯನ್ನು ನೋಡಿದ. ಬೈಯುತ್ತಾನೆಂದುಕೊಂಡೆ. ಅವನು ಒಂದು ಚೀಲದ ಮೇಲೆ ಕೂತು ಹಣೆಯ ಬೆವರು ಒರೆಸಿಕೊಂಡ.

"ಅವನು ನೆಲ ಅಗೀಬೇಕು ಅಂದ," ಎಂದೆ ನಾನು. ಹೇಳುವ ಮನಸ್ಸಿರಲಿಲ್ಲ, ದುರ್ಗಮ್ಮ ನೋಡುತ್ತಿದ್ದ ರೀತಿಗೆ ಬಾಯಿಂದ ಬಂತು. "ನಾನೇ ಬೇಡ ಅಂದೆ. ಜುಮ್ ಅಂತೈತೆ ಅಂತಾನೂ ಹೇಳಿದ್ದ."

ದುರ್ಗಮ್ಮ ಮೂಲೆಯಲ್ಲಿದ್ದ ಹಾರೆ ತಂದು ನನ್ನ ಕೈಗೆ ಕೊಟ್ಟಳು.

ನನ್ನ ಸಿಮೆಂಟು ನೆಲವನ್ನು ನಾನೇ ಒಡೆದೆ. ಮೂರು ಮೊಳ ಗುಂಡಿ, ಉಪ್ಪು, ಇದ್ದಿಲು, ಪೈಪು, ಐದು ಕೊಡ ನೀರು. ಗಂಗಾಧರಯ್ಯ ಒಳಸುತ್ತಿಗೆ ಹೊಸ ಬಟ್ಟೆ ಸುತ್ತಿ ವಾರ್ನಿಷ್ ಬಳಿದು, ಎರಡು ದಿನ ಒಣಗಿಸಿ, ಬಲ್ಬು ಹಿಡಿದು ಪರೀಕ್ಷೆ ಮಾಡಿ, ಸೋರಿಕೆ ಇಲ್ಲ ಎಂದ. ತೊಲೆಯ ತಂತಿ ಕಿತ್ತು ಪೈಪಿಗೆ ಕಟ್ಟಿದ. ಗಿರಿಯಪ್ಪ ಇದೆಲ್ಲವನ್ನೂ ಬಾಗಿಲ ಹೊರಗಿನಿಂದ ನೋಡುತ್ತಿದ್ದ.

"ದುರ್ಗಾ, ನನಗೆ ಬ್ಯಾಡ ಕಣೇ," ಎಂದ. "ಎಂಜಿನ್ನೂ ಬ್ಯಾಡ, ಏನೂ ಬ್ಯಾಡ."

"ಸುಮ್ಕಿರು. ಇಲ್ಲಿ ಬ್ಯಾಡ ಅಂದ್ರೆ ಇನ್ನೆಲ್ಲಿ ಅಡಗಿ ಮಾಡ್ತೀಯೋ ನಾ ಎಲ್ಲಿ ಹುಡುಕ್ಲಿ? ಕಣ್ಣಿಗೆ ಕಾಣೋ ಕಡೆ ಮಾಡು." ಆಮೇಲೆ ನನ್ನ ಕಡೆ ತಿರುಗಿದಳು. "ಈಗ ತಕ್ಕಡಿ ಹಿಡೀರಿ."

"ನಾನಾ?"

"ಮತ್ಯಾರು? ತೊಲೆ ನಿಮ್ದು, ತಕ್ಕಡಿ ನಿಮ್ದು. ಇನ್ನೊಂದು ಕೈ ಆ ಕಬ್ಬಿಣದ ಮೇಲೆ ಇಡಿ."

ಗಂಗಾಧರಯ್ಯನನ್ನು ನೋಡಿದೆ. ಅವನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು ಒಂದು ಕೈಯಲ್ಲಿ ಸರಪಳಿ ಹಿಡಿದೆ, ಇನ್ನೊಂದನ್ನು ಟ್ರಾನ್ಸ್‌ಫಾರ್ಮರ್ ಮೇಲಿಟ್ಟೆ. ನಾನು ಶಿವಶಿವಾ ಎಂದದ್ದು ಹಿಂದಿನ ಮನೆಯವರೆಗೂ ಕೇಳಿಸಿತಂತೆ. ನನ್ನ ತಾಯಿ ಅದನ್ನು ಸಾಯುವವರೆಗೆ ಬಂದವರಿಗೆಲ್ಲ ಹೇಳಿದಳು. ಗಂಗಾಧರಯ್ಯ ಮಣೆ ಒತ್ತಿದ. ನಾನು ಕಣ್ಣು ಮುಚ್ಚಿದ್ದೆ. ಟ್ರಾನ್ಸ್‌ಫಾರ್ಮರ್ ದುಂಬಿಯ ಹಾಗೆ ಗುಂಯ್ ಎಂದಿತು. ಕೈ ತಣ್ಣಗಿತ್ತು.

"ಬಿಡಲಾ?" ಎಂದೆ.

"ಇನ್ನೂ ಸ್ವಲ್ಪ ಹಿಡೀರಿ," ಎಂದಳು ದುರ್ಗಮ್ಮ.

ಆಮೇಲೆ ಅವಳು ಮಣೆಯನ್ನು ಗಂಡನ ಸ್ಟೂಲಿನ ಹತ್ತಿರದಿಂದ ಎಳೆದು ತನ್ನ ಕಡೆ ಇಟ್ಟುಕೊಂಡಳು. ತಾನೂ ಒಣ ಹಲಗೆಯ ಮೇಲೆ ಒಂದು ಚೀಲ ಹಾಕಿಕೊಂಡು ಕೂತಳು. "ಕೈ ನಿಂದಿರಲಿ. ಕಾಲು ನಂದು. ನಾನು ಕೇಳ್ದಾಗ ಹೂಂ ಅನ್ನು. ನೀನು ಹೂಂ ಅನ್ನದೆ ನಾನು ಒತ್ತಲ್ಲ. ನಾನು ತೆಗೆದೆ ಅನ್ನದೆ ನೀನು ಕೈ ಆಡಿಸಬ್ಯಾಡ."

ಗಿರಿಯಪ್ಪ ಹೊಗೆಕೊಳವೆ ಕೂರಿಸಿ, ಮಸಿಕಡ್ಡಿ ಮುಟ್ಟಿಸಿದ.

"ಆಯ್ತೇನೋ?"

"ಹೂಂ."

ಅವಳು ಒತ್ತಿದಳು. ತುಟಿ ಎಣಿಸುತ್ತಿತ್ತು. ತುದಿ ಕೆಂಪಾಯಿತು, ತವರ ಓಡಿತು.

"ತೆಗೆದೆ. ಬೆರಳು ತೋರ್ಸು."

ಅವನು ಹತ್ತೂ ಬೆರಳು ಎತ್ತಿ ತೋರಿಸಿದ. ಹೊಗೆಕೊಳವೆ ನೆಟ್ಟಗೆ ನಿಂತಿತ್ತು, ಗುಮ್ಮಟ ಇದ್ದಲ್ಲೇ ಇತ್ತು. ಅವಳು ಅದನ್ನು ನೋಡಲೇ ಇಲ್ಲ.

ಆ ಎಂಜಿನ್ನಿಗೆ ನೂರಾ ಚಿಲ್ಲರೆ ಬೆಸುಗೆ. ಎಂಬತ್ತೆಂಟರಲ್ಲಿ ಅವನು ಕಡೂರು ಬಿಡುವ ಹೊತ್ತಿಗೆ ಇನ್ನೂ ಎರಡು ಎಂಜಿನ್ನು, ಒಂದು ಬ್ರೇಕ್‌ವ್ಯಾನು ಆಗಿದ್ದವು. ಅಂದಿನ ಮೇಲೆ ಒಂದು ಬೆಸುಗೆಯೂ ಅವಳ ಕಾಲಿಲ್ಲದೆ ಬಿದ್ದದ್ದಲ್ಲ. ಆರು ವರ್ಷದಲ್ಲಿ ಅವಳ ಹೆದರಿಕೆ ಸವೆದಿರಬೇಕು ಎಂದು ನೀವು ಅಂದುಕೊಳ್ಳಬಹುದು, ನಾನೂ ಅಂದುಕೊಂಡಿದ್ದೆ. ಕಡೆಯ ದಿನವೂ ಅವಳು "ಆಯ್ತೇನೋ?" ಎಂದು ಕೇಳಿದ ದನಿ ಮೊದಲ ದಿನದ್ದೇ. ತೆಗೆದೆ ಎಂದು ಕಾಲೆತ್ತಿದಾಗ ಮಣೆಯ ಮೇಲೆ ಐದು ಬೆರಳು, ಹಿಮ್ಮಡಿ ಸಮೇತ ಬೆವರಿನ ಪಾದ ಮೂಡಿರುತ್ತಿತ್ತು. ಅದು ಆರುವವರೆಗೆ ಗಿರಿಯಪ್ಪ ಮುಂದಿನ ಬೆಸುಗೆಗೆ ಕೈ ಹಾಕುತ್ತಿರಲಿಲ್ಲ.